ಕಸುಬಿನ ಆಟಗಾರ ಹಾಷಿಂ ಖಾನ್

ಆಟಗಳನ್ನು ಕುರಿತ ಇತಿಹಾಸಗಳಲ್ಲಿ ಸಾಮಾನ್ಯವಾಗಿ ಉಳಿಯುವುದು ಗೆದ್ದವರ ಹೆಸರು, ಗೆದ್ದ ವರ್ಷ, ಪಡೆದ ಅಂಕ, ಇಷ್ಟೇ. ಅಂಗಣವನ್ನು ಗುಡಿಸಿದವರು ಯಾರು, ಹೊರಗೆ ಹಾರಿದ ಚೆಂಡನ್ನು ಹೆಕ್ಕಿ ತಂದವರು ಯಾರು, ಸಾಹೇಬರು ಬೆವರೊರಸಿಕೊಂಡು ಹೊರಟುಹೋದ ಮೇಲೆ ಆ ಬರಿದಾದ ಅಂಗಣದಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಬರೆದಿಟ್ಟವರು ವಿರಳ. ಸ್ಕ್ವಾಷ್ ಆಟದ ಮಟ್ಟಿಗೆ ಮಾತ್ರ ಈ ಕೊರತೆಯನ್ನು ಒಬ್ಬ ಮನುಷ್ಯನ ಬಾಳು ಬಹುಮಟ್ಟಿಗೆ ತುಂಬಿಕೊಟ್ಟಿದೆ. ಆತ ಪೆಷಾವರದ ಹಾಷಿಂ ಖಾನ್. ಚೆಂಡು ಹೆಕ್ಕುವ ಹುಡುಗನಾಗಿ ಅಂಗಣದ ಗೋಡೆಯ ಮೇಲೆ ಕುಳಿತವನು, ಮೂವತ್ತೇಳರ ವಯಸ್ಸಿನಲ್ಲಿ, ಅಂದರೆ ಉಳಿದ ಆಟಗಾರರು ನಿವೃತ್ತಿಯ ಮಾತಾಡುವ ಕಾಲದಲ್ಲಿ, ಲಂಡನ್ನಿಗೆ ಹೋಗಿ ಆ ಆಟದ ಅತ್ಯುನ್ನತ ಪದವಿಯನ್ನು ಗೆದ್ದು ತಂದ.

ಆಟದ ಪರಿಚಯ ಎಲ್ಲರಿಗೂ ಇರಲಾರದು. ನಮ್ಮಲ್ಲಿ ಅದು ಇಂದಿಗೂ ಕ್ಲಬ್ಬುಗಳ ಮತ್ತು ದಂಡುಪ್ರದೇಶಗಳ ಆಟ. ಎರಡು ಮಾತು ಹೇಳಿ ಮುಂದೆ ಹೋಗುವುದು ಲೇಸು. ನಾಲ್ಕು ಗೋಡೆಗಳ ಒಂದು ಕೋಣೆ. ಉದ್ದ 32 ಅಡಿ, ಅಗಲ 21 ಅಡಿ. ಆಡುವ ಇಬ್ಬರೂ ಒಂದೇ ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಮುಂದಿನ ಗೋಡೆಯ ಬುಡದಲ್ಲಿ 19 ಅಂಗುಲ ಎತ್ತರದ ತಗಡಿನ ಪಟ್ಟಿ. ಅದಕ್ಕೆ ತಾಗಿದ ಚೆಂಡು ಸತ್ತ ಚೆಂಡು. ಪಟ್ಟಿಯ ಮೇಲ್ಭಾಗಕ್ಕೆ ಹೊಡೆದ ಚೆಂಡು ನೆಲಕ್ಕೆ ಎರಡನೆಯ ಬಾರಿ ಪುಟಿಯುವುದರೊಳಗೆ ಎದುರಾಳಿ ಅದನ್ನು ಮತ್ತೆ ಗೋಡೆಗೆ ಹೊಡೆಯಬೇಕು. ಟೆನಿಸಿನಲ್ಲಿ ನಡುವೆ ಬಲೆಯಿದೆ. ಎದುರಾಳಿ ಆಚೆ, ನಾವು ಈಚೆ. ಇಲ್ಲಿ ಅಂಥ ಗಡಿಯಿಲ್ಲ. ಎದುರಾಳಿಯ ಉಸಿರು ಕಿವಿಗೆ ಕೇಳಿಸುವಷ್ಟು ಹತ್ತಿರದಲ್ಲಿ, ಒಂದೇ ನೆಲದ ಮೇಲೆ, ಸರದಿಯ ಮೇಲೆ ಓಡಬೇಕು. ಹಳೆಯ ಇಂಗ್ಲಿಷ್ ಪದ್ಧತಿಯಲ್ಲಿ ಒಂದು ಗೇಮಿಗೆ ಒಂಬತ್ತು ಅಂಕ, ಅದೂ ಸರ್ವ್ ಮಾಡುತ್ತಿರುವವನಿಗೆ ಮಾತ್ರ. ಈ ನಿಯಮವನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರೆ ಮುಂದೆ ಬರುವ ಅಂಕಿಗಳ ಅರ್ಥ ಸ್ಪಷ್ಟವಾದೀತು.

ಈ ಆಟದ ವಂಶಾವಳಿಯೂ ಸ್ವಾರಸ್ಯವಾದದ್ದು. ಇದರ ತಾಯಿಯಾದ ರ‍್ಯಾಕೆಟ್ಸ್ ಎಂಬ ಆಟ ಬೆಳೆದದ್ದು ಹದಿನೆಂಟನೆಯ ಶತಮಾನದ ಲಂಡನ್ನಿನ ಸಾಲಗಾರರ ಸೆರೆಮನೆಗಳ ಗೋಡೆಗಳ ಮೇಲೆ. ಸಾಲ ತೀರಿಸಲಾಗದೆ ಕೂಡಿಹಾಕಲ್ಪಟ್ಟವರು ಹೊತ್ತು ಕಳೆಯಲು ಗೋಡೆಗೆ ಚೆಂಡು ಹೊಡೆಯುತ್ತಿದ್ದರು. ಅಲ್ಲಿಂದ ಅದು ಹ್ಯಾರೋ ಎಂಬ ಶ್ರೀಮಂತರ ಶಾಲೆಗೆ ಹೋಯಿತು. ಗಟ್ಟಿ ಚೆಂಡಿಗೆ ಬದಲಾಗಿ ಅದುಮಿದರೆ ಅದುಮಿಕೊಳ್ಳುವ ಮೆತ್ತನೆಯ ರಬ್ಬರು ಚೆಂಡನ್ನು ಬಳಸಿದ ಅಲ್ಲಿಯ ಹುಡುಗರು ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕ್ವಾಷನ್ನು ಹುಟ್ಟಿಸಿದರು. ಆ ಹುಡುಗರು ಬೆಳೆದು ಸೈನ್ಯಾಧಿಕಾರಿಗಳಾಗಿ ಸಾಮ್ರಾಜ್ಯದ ಮೂಲೆಮೂಲೆಗೂ ಹೋದರು. ಹೋದಲ್ಲೆಲ್ಲ ಒಂದು ಕ್ಲಬ್ಬು, ಕ್ಲಬ್ಬಿನ ಹಿಂದೆ ಒಂದು ಅಂಗಣ. ಕೈರೋದಲ್ಲಿ, ಬೊಂಬಾಯಿಯಲ್ಲಿ, ಖೈಬರ್ ಕಣಿವೆಯ ಬಾಗಿಲಿನಂತಿರುವ ಪೆಷಾವರದಲ್ಲಿ ಹೀಗೆ ಅಂಗಣಗಳು ಎದ್ದವು. ಸೆರೆಮನೆಯ ಗೋಡೆಯಿಂದ ಹೊರಟ ಆಟ ಇನ್ನೊಂದು ಬಗೆಯ ಗೋಡೆಯೊಳಗೆ ಸೇರಿಕೊಂಡಿತು. ಒಳಗೆ ಪ್ರವೇಶವಿದ್ದವರು ಸದಸ್ಯರು, ಉಳಿದವರು ಸೇವಕರು.

ಪೆಷಾವರದ ಹೊರವಲಯದಲ್ಲಿ ನವಾಕಿಲ್ಲೆ ಎಂಬುದೊಂದು ಪಠಾಣರ ಹಳ್ಳಿ. ಅಲ್ಲಿಯ ಅಬ್ದುಲ್ಲಾ ಖಾನ್ ಬ್ರಿಟಿಷ್ ಅಧಿಕಾರಿಗಳ ಕ್ಲಬ್ಬಿನಲ್ಲಿ ಮುಖ್ಯ ಪರಿಚಾರಕನಾಗಿದ್ದ. ಅವನ ಮಗ ಹಾಷಿಂ. ಆ ಕಾಲದ ಆ ಹಳ್ಳಿಯಲ್ಲಿ ಹುಟ್ಟಿದ ದಿನವನ್ನು ಬರೆದಿಡುವ ವಾಡಿಕೆ ಇರಲಿಲ್ಲ. 1914 ಎಂಬುದು ಎಲ್ಲರೂ ಒಪ್ಪಿಕೊಂಡು ಬಂದಿರುವ ವರ್ಷ. ತಂದೆ ಎಂಟು ವರ್ಷದ ಹುಡುಗನನ್ನು ಕ್ಲಬ್ಬಿಗೆ ಕರೆದೊಯ್ದು ಅಂಗಣಗಳನ್ನು ತೋರಿಸಿದ. ಕೆಲವು ವರ್ಷಗಳಲ್ಲೇ ಒಂದು ರಸ್ತೆ ಅಪಘಾತದಲ್ಲಿ ತೀರಿಕೊಂಡ. ಹುಡುಗನ ಶಾಲೆ ಅಲ್ಲಿಗೆ ಮುಗಿಯಿತು. ಚೆಂಡು ಹೆಕ್ಕುವ ಕೆಲಸ ಆರಂಭವಾಯಿತು.

ಆ ಅಂಗಣಗಳಿಗೆ ಛಾವಣಿಯಿರಲಿಲ್ಲ. ಇಂಗ್ಲೆಂಡಿನಲ್ಲಿ ಮಳೆ ಚಳಿಗಳಿಂದ ತಪ್ಪಿಸಿಕೊಳ್ಳಲು ಒಳಾಂಗಣದಲ್ಲಿ ಆಡುವ ಆಟವನ್ನು ಇಲ್ಲಿ ಬಯಲಿನಲ್ಲೇ ಆಡುತ್ತಿದ್ದರು. ಎತ್ತರಕ್ಕೆ ಹೊಡೆದ ಚೆಂಡು ಗೋಡೆ ದಾಟಿ ಹೊರಗೆ ಬೀಳುತ್ತಿತ್ತು. ಅದಕ್ಕೆಂದೇ ಒಬ್ಬ ಹುಡುಗ ಹಿಂದಿನ ಗೋಡೆಯ ಮೇಲೆ ಕುಳಿತಿರಬೇಕು. ಹಾಷಿಂ ಕುಳಿತಲ್ಲಿಂದ ಇಡೀ ಅಂಗಣ ಅಂಗೈಯಂತೆ ಕಾಣಿಸುತ್ತಿತ್ತು. ಯಾವ ಸಾಹೇಬ ಯಾವ ಮೂಲೆಗೆ ಹೊಡೆಯುತ್ತಾನೆ, ಯಾರ ಕಾಲು ತಡವಾಗಿ ಏಳುತ್ತದೆ, ಚೆಂಡು ಗೋಡೆಯ ಯಾವ ಬಿಂದುವಿಗೆ ತಾಗಿದರೆ ಎಲ್ಲಿಗೆ ಬರುತ್ತದೆ ಎಂಬುದನ್ನೆಲ್ಲ ವರ್ಷಗಟ್ಟಲೆ ಮೇಲಿನಿಂದ ನೋಡುವ ಅವಕಾಶ ಯಾವ ಶಿಕ್ಷಕನೂ ಒದಗಿಸಲಾರದ ಪಾಠ. ನಡುಹಗಲಿನಲ್ಲಿ ಬಿಸಿಲು ಸುಡತೊಡಗಿ ಅಧಿಕಾರಿಗಳು ನೆರಳಿಗೆ ಸರಿದಾಗ ಹುಡುಗ ಕೆಳಗಿಳಿಯುತ್ತಿದ್ದ. ಕಾಲಿಗೆ ಜೋಡಿಲ್ಲ, ನೆಲ ಕಾದ ಕಾವಲಿ. ಜೊತೆಗೆ ಯಾರೂ ಇಲ್ಲದಿದ್ದರೆ ತನ್ನ ಚೆಂಡಿಗೆ ತಾನೇ ಓಡಿ, ತನ್ನ ವಿರುದ್ಧ ತಾನೇ ಪಂದ್ಯ ಕಟ್ಟುತ್ತಿದ್ದ. ಮುಂದೆ ಜಗತ್ತನ್ನು ಬೆರಗುಗೊಳಿಸಿದ ಅವನ ವೇಗಕ್ಕೆ ಪಂಡಿತರು ಹಲವು ಕಾರಣಗಳನ್ನು ಹೇಳಿದ್ದಾರೆ. ಬರಿಗಾಲಲ್ಲಿ ಕಾದ ನೆಲದ ಮೇಲೆ ನಿಲ್ಲಲಾಗದೆ ಓಡಿದ ಹುಡುಗನಿಗೆ ನಿಲ್ಲುವುದೇ ಮರೆತುಹೋಗಿರಬೇಕು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಇಲ್ಲಿ ‘ಮಾರ್ಕರ್’ ಎಂಬ ಪದದ ಬಗ್ಗೆ ಸ್ವಲ್ಪ ತಡೆದು ಹೇಳಬೇಕು. ಕ್ಲಬ್ಬುಗಳಲ್ಲಿ ಅಂಕ ಕೂಗುವವನು, ರ‍್ಯಾಕೆಟ್ಟಿಗೆ ತಂತಿ ಬಿಗಿಯುವವನು, ಅಂಗಣ ಶುಚಿಗೊಳಿಸುವವನು, ಸದಸ್ಯರಿಗೆ ಜೊತೆಗಾರ ಸಿಗದ ದಿನ ಅವರೊಡನೆ ಆಡುವವನು, ಎಲ್ಲವೂ ಅವನೇ. ಇಂಗ್ಲಿಷರ ಕಲ್ಪನೆಯಲ್ಲಿ ಆಟಕ್ಕಾಗಿ ಆಡುವವನು ಸಭ್ಯ, ಅನ್ನಕ್ಕಾಗಿ ಆಡುವವನು ಕಸುಬುದಾರ. ಅವರ ಕ್ರಿಕೆಟ್ಟಿನಲ್ಲಿ ಈ ಇಬ್ಬರೂ ಬೇರೆ ಬೇರೆ ಬಾಗಿಲುಗಳಿಂದ ಮೈದಾನಕ್ಕೆ ಇಳಿಯುತ್ತಿದ್ದ ಕಾಲವಿತ್ತು. ನಮ್ಮ ಗರಡಿಮನೆಗಳ ಉಸ್ತಾದನಿಗೆ ಮಣ್ಣು ಮುಟ್ಟಿ ನಮಸ್ಕರಿಸುವ ಪದ್ಧತಿಯನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರಬಹುದು. ಕ್ಲಬ್ಬಿನ ಕಸುಬುದಾರ ವಿದ್ಯೆ ಕಲಿಸುತ್ತಿದ್ದ, ಆದರೆ ಗುರುವಲ್ಲ. ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ, ಆದರೆ ಸದಸ್ಯನಲ್ಲ. ಅವನ ಕಸುಬಿನಲ್ಲಿ ಇನ್ನೊಂದು ನಾಜೂಕಿನ ಅಂಶವೂ ಇತ್ತು. ಸಾಹೇಬನಿಗೆ ಮೈ ಬೆವರುವಷ್ಟು ಆಡಿಸಬೇಕು, ಮನಸ್ಸು ನೋಯುವಷ್ಟು ಸೋಲಿಸಬಾರದು. ಎದುರಾಳಿಯ ಶಕ್ತಿಯನ್ನು ಇಷ್ಟು ನಿಖರವಾಗಿ ಅಳೆಯುವ ಅಭ್ಯಾಸ ಬೇರಾವ ಶಾಲೆಯಲ್ಲೂ ಸಿಗುವುದಿಲ್ಲ.

1942ರಲ್ಲಿ ಹಾಷಿಂ ಪೆಷಾವರದ ಬ್ರಿಟಿಷ್ ವಾಯುಪಡೆಯ ಅಧಿಕಾರಿಗಳ ಮೆಸ್ಸಿನಲ್ಲಿ ಸ್ಕ್ವಾಷ್ ಶಿಕ್ಷಕರಾದರು. ಎರಡು ವರ್ಷಗಳ ಮೇಲೆ ಬೊಂಬಾಯಿಯಲ್ಲಿ ನಡೆದ ಅಖಿಲ ಭಾರತ ಪಂದ್ಯಾವಳಿಗೆ ಹೋದರು. ಅಲ್ಲಿ ಎದುರಾದವರು ಅಬ್ದುಲ್ ಬಾರಿ. ನವಾಕಿಲ್ಲೆಯವರೇ, ಸಂಬಂಧಿಕರೇ, ಆದರೆ ಬೊಂಬಾಯಿಯಲ್ಲಿ ನೆಲೆಯೂರಿ ಹೆಸರು ಮಾಡಿದವರು. ಪೆಷಾವರದ ಅಪರಿಚಿತ ಗೆದ್ದ. 1944, 1945, 1946, ಹೀಗೆ ಮೂರು ವರ್ಷ ಸತತವಾಗಿ ಭಾರತದ ಪ್ರಶಸ್ತಿ ಅವರದಾಯಿತು. ಆ ಮೂರನೆಯ ಗೆಲುವಿನ ಮರುವರ್ಷ ದೇಶ ಇಬ್ಭಾಗವಾಯಿತು. ಬಾರಿ ಭಾರತದಲ್ಲಿ ಉಳಿದರು. ಹಾಷಿಂ ಇದ್ದ ಊರು ಪಾಕಿಸ್ತಾನವಾಯಿತು. ಒಂದೇ ಹಳ್ಳಿಯ ಇಬ್ಬರು ಬಂಧುಗಳು ತಾವು ಕದಲದೆಯೇ ಎರಡು ದೇಶಗಳ ಆಟಗಾರರಾದರು. ವಿಭಜನೆಯನ್ನು ಕುರಿತು ನಾವು ಓದಿರುವ ದಾರುಣ ಕಥೆಗಳ ಮುಂದೆ ಇದು ಸಣ್ಣ ಸಂಗತಿ ನಿಜ. ಆದರೆ ಮುಂದಿನದಕ್ಕೆಲ್ಲ ಇದೇ ಕಾರಣವಾಯಿತು.

1950ರಲ್ಲಿ ಬಾರಿ ಲಂಡನ್ನಿಗೆ ಹೋಗಿ ಬ್ರಿಟಿಷ್ ಓಪನ್ ಪಂದ್ಯಾವಳಿಯ ಅಂತಿಮ ಸುತ್ತನ್ನು ತಲಪಿದರು. ಜಾಗತಿಕ ಪಂದ್ಯಾವಳಿ ಎಂಬುದು 1976ರವರೆಗೆ ಇರಲೇ ಇಲ್ಲ. ಅಲ್ಲಿಯತನಕ ಬ್ರಿಟಿಷ್ ಓಪನ್ ಗೆದ್ದವನೇ ಲೋಕದ ಕಣ್ಣಿಗೆ ಜಗಜ್ಜೇತ. 1930ರಲ್ಲಿ ಆರಂಭವಾದ ಆ ಸ್ಪರ್ಧೆಯನ್ನು ಎರಡನೆಯ ಮಹಾಯುದ್ಧಕ್ಕೆ ಮುಂಚೆ ಈಜಿಪ್ಟಿನ ರಾಜತಂತ್ರಜ್ಞ ಅಮ್ರ್ ಬೇ ಹಲವು ವರ್ಷ ತನ್ನದಾಗಿಸಿಕೊಂಡಿದ್ದ. ಯುದ್ಧಾನಂತರ 1947ರಿಂದ ನಾಲ್ಕು ವರ್ಷ ಅದೇ ದೇಶದ ಮಹಮೂದ್ ಕರೀಂ ಗೆದ್ದಿದ್ದ. ಕೈರೋದ ಗೆಜಿರಾ ಕ್ಲಬ್ಬಿನ ಕರೀಂ ಆಡುವುದನ್ನು ನೋಡುವುದೇ ಒಂದು ಸೊಗಸು ಎಂದು ಆ ಕಾಲದವರು ಬರೆದಿದ್ದಾರೆ. ಬಾರಿ ಸೋತದ್ದು ಈತನಿಗೆ. ಸುದ್ದಿ ಪೆಷಾವರಕ್ಕೆ ಬಂದಾಗ ಹಾಷಿಂಗೆ ಹೊಳೆದದ್ದು ಸರಳವಾದ ಲೆಕ್ಕ: ತಾನು ಬೊಂಬಾಯಿಯಲ್ಲಿ ಸೋಲಿಸಿದ್ದ ವ್ಯಕ್ತಿ ಜಗತ್ತಿನಲ್ಲಿ ಎರಡನೆಯವನಾದರೆ ತನ್ನ ಸ್ಥಾನ ಯಾವುದು?

ಆದರೆ ಲೆಕ್ಕ ಗೊತ್ತಿದ್ದ ಮಾತ್ರಕ್ಕೆ ಹಡಗಿನ ಚೀಟಿ ಸಿಗುವುದಿಲ್ಲ. ಪಾಕಿಸ್ತಾನ ಆಗ ನಾಲ್ಕು ವರ್ಷದ ಕೂಸು. ಅದರ ಕ್ರಿಕೆಟ್ ತಂಡಕ್ಕೆ ಟೆಸ್ಟ್ ಆಡುವ ಮಾನ್ಯತೆಯೇ ಸಿಕ್ಕಿರಲಿಲ್ಲ, ಅದು ಬಂದದ್ದು 1952ರಲ್ಲಿ. ಹಾಕಿಯಲ್ಲಿ ಮೊದಲ ಒಲಿಂಪಿಕ್ ಪದಕ ಬಂದದ್ದು 1956ರಲ್ಲಿ. ಇಂಥ ಕಾಲದಲ್ಲಿ ನಡುವಯಸ್ಸಿನ ಒಬ್ಬ ಶಿಕ್ಷಕನನ್ನು, ಹೆಚ್ಚಿನವರು ಕಂಡೇ ಇರದ ಒಂದು ಆಟಕ್ಕಾಗಿ, ವಿದೇಶಕ್ಕೆ ಕಳುಹಿಸಲು ವಾಯುಪಡೆಯ ಅಧಿಕಾರಿಗಳು ಮುಂದಾದದ್ದು ದೊಡ್ಡ ಮಾತು. ಇದರ ಹಿಂದೆ ಬಾರಿ ಭಾರತದ ಪರವಾಗಿ ಆಡಿ ಪಡೆದ ಕೀರ್ತಿಯ ಕಡೆಗೆ ಒಂದು ಓರೆನೋಟವೂ ಇದ್ದಿರಬೇಕು. ನೆರೆಹೊರೆಯ ಮತ್ಸರದಿಂದ ಒಳ್ಳೆಯದು ಹುಟ್ಟುವುದು ಅಪರೂಪ, ಇಲ್ಲಿ ಹುಟ್ಟಿತು.

1951. ಐದೂವರೆ ಅಡಿಗೂ ಕಡಿಮೆ ಎತ್ತರ, ಪೀಪಾಯಿಯಂಥ ಎದೆ, ಬೋಳುತಲೆ. ರ‍್ಯಾಕೆಟ್ಟನ್ನು ಹಿಡಿಯ ತುದಿಯಲ್ಲಿ ಹಿಡಿಯದೆ ಬಹಳ ಮೇಲಕ್ಕೆ ಹಿಡಿದಿದ್ದ ಈ ಮನುಷ್ಯ ಅಂಗಣಕ್ಕೆ ಇಳಿದಾಗ ನೋಡಿದವರಿಗೆ ಹೆಚ್ಚೇನೂ ನಿರೀಕ್ಷೆ ಇದ್ದಿರಲಾರದು. ಅಂತಿಮ ಪಂದ್ಯದ ಅಂಕಗಳು ಹೀಗಿವೆ: 9-5, 9-0, 9-0. ಸರ್ವ್ ಮಾಡುತ್ತಿರುವವನಿಗೆ ಮಾತ್ರ ಅಂಕ ಎಂಬ ನಿಯಮವನ್ನು ಈಗ ನೆನಪಿಸಿಕೊಳ್ಳಬೇಕು. ನಾಲ್ಕು ವರ್ಷ ಜಗತ್ತನ್ನು ಆಳಿದ ಕರೀಂ ಮೊದಲ ಗೇಮಿನಲ್ಲಿ ಐದು ಅಂಕ ಪಡೆದು, ಆಮೇಲೆ ಎರಡು ಇಡೀ ಗೇಮುಗಳಲ್ಲಿ ಒಂದೇ ಒಂದು ಅಂಕವನ್ನೂ ಪಡೆಯಲಿಲ್ಲ. ಅವನ ಸೊಗಸಾದ ಹೊಡೆತಗಳೆಲ್ಲ ಅಂದೂ ಸೊಗಸಾಗಿಯೇ ಇದ್ದಿರಬೇಕು. ಆದರೆ ಸತ್ತಿತೆಂದುಕೊಂಡ ಚೆಂಡು ಮತ್ತೆ ಮತ್ತೆ ಗೋಡೆಗೆ ಬಂದು ತಾಗಿದರೆ ಸೊಗಸಿಗೆ ಏನು ಬೆಲೆ? ಮರುವರ್ಷ ಕರೀಂ ಸಿದ್ಧನಾಗಿ ಬಂದ. ಎರಡನೆಯ ಗೇಮಿನಲ್ಲಿ ಏಳು ಅಂಕಗಳವರೆಗೆ ಹೋರಾಡಿ ಮತ್ತೆ ಸೋತ. ಅಲ್ಲಿಂದ 1956ರವರೆಗೆ ಆರು ವರ್ಷ ಸತತವಾಗಿ ಬ್ರಿಟಿಷ್ ಓಪನ್ ಹಾಷಿಂ ಖಾನರ ಕೈಬಿಡಲಿಲ್ಲ.

ಮೊದಲ ಗೆಲುವಿನ ಹೊತ್ತಿಗೇ ತಮ್ಮ ವಯಸ್ಸನ್ನು ಅರಿತಿದ್ದ ಹಾಷಿಂ ಒಂದು ವಿಶೇಷವಾದ ಕೆಲಸ ಮಾಡಿದರು. ತಮ್ಮನಾದ ಆಜಂ ಟೆನಿಸ್ ಕಲಿಸುತ್ತಿದ್ದವನು. ಅವನನ್ನು ಕರೆದು ಸ್ಕ್ವಾಷ್ ಕಲಿಸಿ, ತಮ್ಮನ್ನೇ ಎದುರಿಸಬಲ್ಲ ಆಟಗಾರನನ್ನಾಗಿ ಮಾಡಿ ಇಂಗ್ಲೆಂಡಿಗೆ ಕರೆದೊಯ್ದರು. 1954ರ ಮತ್ತು 1955ರ ಅಂತಿಮ ಪಂದ್ಯಗಳು ಅಣ್ಣ ತಮ್ಮಂದಿರ ನಡುವೆಯೇ ನಡೆದವು. 1954ರದ್ದು ಐದು ಗೇಮುಗಳವರೆಗೆ ಎಳೆದಾಡಿತು. ತಮ್ಮ ಬೇಕೆಂದೇ ಬಿಟ್ಟುಕೊಟ್ಟ ಎಂದು ಆಡಿಕೊಂಡವರುಂಟು. ಮನೆಯ ಹಿರಿಯನ ಮುಂದೆ ತಲೆಯೆತ್ತಿ ಮಾತನಾಡುವುದೇ ಅವಿನಯವೆನ್ನುವ ಸಮಾಜದಿಂದ ಬಂದವನ ಕೈ ಕೊನೆಯ ಗೇಮಿನಲ್ಲಿ ಸ್ವಲ್ಪ ತಡೆದಿತ್ತೋ ಏನೋ, ಯಾರು ಬಲ್ಲರು? ನನ್ನ ಮಟ್ಟಿಗೆ ಈ ಗುಮಾನಿ ಹಾಷಿಂಗೂ ಆಜಂಗೂ ಇಬ್ಬರಿಗೂ ಅನ್ಯಾಯ ಮಾಡುತ್ತದೆ. ಬಿಟ್ಟುಕೊಡಬೇಕೆಂದಿದ್ದರೆ ಐದನೆಯ ಗೇಮಿನವರೆಗೆ ಹೋಗುವ ದಣಿವು ಯಾರಿಗೆ ಬೇಕಿತ್ತು? 1959ರಿಂದ 1962ರವರೆಗೆ ನಾಲ್ಕು ವರ್ಷ ಆಜಂ ತಾನೇ ಗೆದ್ದ. ಆಮೇಲೆ ಹಿಮ್ಮಡಿಯ ಸ್ನಾಯು ಹರಿದು ಆಟ ನಿಂತಿತು. ಆತ ಲಂಡನ್ನಿನಲ್ಲೇ ನೆಲೆಸಿ, ಒಂದು ಸ್ಕ್ವಾಷ್ ಕ್ಲಬ್ಬು ನಡೆಸಿ, 2020ರ ಮಾರ್ಚಿಯಲ್ಲಿ ಕೋವಿಡ್ ವ್ಯಾಧಿಗೆ ಬಲಿಯಾದ.

ಹಾಷಿಂ ಖಾನರ ಓಟವನ್ನು ತಡೆದವನು ಮಾತ್ರ ತಮ್ಮನಲ್ಲ, ಇನ್ನೊಬ್ಬ ಬಂಧು, ರೋಷನ್ ಖಾನ್. 1956ರ ಅಂತಿಮ ಪಂದ್ಯದಲ್ಲಿ ಸೋತಿದ್ದ ರೋಷನ್ 1957ರಲ್ಲಿ ಗೆದ್ದ. ಹಾಷಿಂಗೆ ಅಷ್ಟರಲ್ಲಿ ನಲವತ್ತು ದಾಟಿತ್ತು. ಅಲ್ಲಿಗೆ ಮುಗಿಯಿತೆಂದು ಎಲ್ಲರೂ ತಿಳಿದರು. 1958ರಲ್ಲಿ ಅವರು ಮತ್ತೆ ಬಂದು, ಅಂತಿಮ ಪಂದ್ಯದಲ್ಲಿ ಆಜಂನನ್ನು ಸೋಲಿಸಿ, ಏಳನೆಯ ಬಾರಿ ಗೆದ್ದರು. ಅಷ್ಟು ವಯಸ್ಸಿನಲ್ಲಿ ಆ ಪ್ರಶಸ್ತಿಯನ್ನು ಮತ್ತಾರೂ ಗೆದ್ದಿಲ್ಲ.

ಏಳು ಬಾರಿ ಜಗತ್ತನ್ನು ಗೆದ್ದವನ ಸಂಸಾರ ಹೇಗೆ ನಡೆಯುತ್ತಿತ್ತು? ಈ ಪ್ರಶ್ನೆಯನ್ನು ಕೇಳದೆ ಕಸುಬಿನ ಆಟಗಾರನ ಕಥೆ ಪೂರ್ತಿಯಾಗದು. ಬ್ರಿಟಿಷ್ ಓಪನ್ನಿನ ಬಹುಮಾನದಲ್ಲಿ ಹೆಸರು ದೊಡ್ಡದು, ಹಣ ಅತ್ಯಲ್ಪ. ಇತ್ತ ಮನೆಯಲ್ಲಿ ಹನ್ನೆರಡು ಮಕ್ಕಳು. ಅಮೆರಿಕದ ಕ್ಲಬ್ಬುಗಳು ಮಾತ್ರ ತಮ್ಮ ಶಿಕ್ಷಕರಿಗೆ ಬದುಕಲು ಸಾಲುವಷ್ಟು ಕೊಡುತ್ತಿದ್ದವು. ಆದರೆ ಅಲ್ಲಿಯ ಸ್ಕ್ವಾಷ್ ಬೇರೆಯೇ ಆಟ ಎನ್ನಬೇಕು. ಅಂಗಣ ಎರಡೂವರೆ ಅಡಿ ಕಿರಿದು, ಚೆಂಡು ಕಲ್ಲಿನಂತೆ ಗಟ್ಟಿ, ಗೇಮಿಗೆ ಹದಿನೈದು ಅಂಕ. 1954ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊತ್ತಮೊದಲ ಅಮೆರಿಕನ್ ಓಪನ್‌ನಲ್ಲಿ ಆ ಪರಿಚಯವಿಲ್ಲದ ಚೆಂಡಿನೊಡನೆ ಹೆಣಗಿಯೂ ಹಾಷಿಂ ಅಂತಿಮ ಪಂದ್ಯದವರೆಗೆ ಹೋಗಿ ಬೋಸ್ಟನ್ನಿನ ಹವ್ಯಾಸಿ ಆನ್ರಿ ಸಲೂನ್ ಎದುರು ಸೋತರು. ಮುಂದೆ ಆ ಚೆಂಡನ್ನೂ ಪಳಗಿಸಿಕೊಂಡು 1956, 1957ರಲ್ಲಿ, ಮತ್ತೆ ಐವತ್ತರ ಹೊಸ್ತಿಲಲ್ಲಿ 1963ರಲ್ಲಿ ಅದನ್ನು ಗೆದ್ದರು. ದಶಕಗಳ ಕಾಲ ಮೆತ್ತನೆಯ ಚೆಂಡಿಗೆ ಒಗ್ಗಿದ ಕೈ ಗಟ್ಟಿ ಚೆಂಡಿಗೆ ತಿರುಗುವುದೆಂದರೆ ಪಳಗಿದ ವೈಣಿಕನೊಬ್ಬ ನಡುವಯಸ್ಸಿನಲ್ಲಿ ಪಿಟೀಲು ಹಿಡಿದ ಹಾಗೆ. ಆ ಸಾಧನೆ ಏಳು ಬ್ರಿಟಿಷ್ ಪ್ರಶಸ್ತಿಗಳಿಗಿಂತ ಕಡಿಮೆಯದೇನೂ ಅಲ್ಲ ಎಂದು ನನ್ನ ಎಣಿಕೆ.

1960ರ ದಶಕದ ಆರಂಭದಲ್ಲಿ ಅವರು ಡೆಟ್ರಾಯಿಟ್ ನಗರದ ಅಪ್‌ಟೌನ್ ಅಥ್ಲೆಟಿಕ್ ಕ್ಲಬ್ಬಿಗೆ ಶಿಕ್ಷಕರಾಗಿ ಹೋದರು. ಮುಂದಿನ ದಶಕದಲ್ಲಿ ಕೊಲೊರಾಡೊದ ಡೆನ್ವರ್‌ಗೆ. ಅಲ್ಲಿಯೂ ಅವರು ಕ್ಲಬ್ಬಿನ ನೌಕರರೇ. ಪೆಷಾವರದಲ್ಲಿ ಯಾವ ಕೆಲಸ ಮಾಡುತ್ತಿದ್ದರೋ ಅದೇ ಕೆಲಸ: ಆಟ ಬಾರದವರಿಗೆ ಆಟ ಹೇಳಿಕೊಡುವುದು. ವ್ಯತ್ಯಾಸವೆಂದರೆ ಇಲ್ಲಿ ಕಲಿಯುವವರು ತಮ್ಮ ಶಿಕ್ಷಕನ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. 1967ರಲ್ಲಿ ಅವರ ಪಾಠಗಳು ರಿಚರ್ಡ್ ರ‍್ಯಾಂಡಲ್ ಎಂಬವರ ನೆರವಿನಿಂದ ಪುಸ್ತಕವಾಗಿ ಬಂದವು. ಹಾಷಿಂ ಇಂಗ್ಲಿಷನ್ನು ಕಲಿತದ್ದು ಕ್ಲಬ್ಬಿನಲ್ಲಿ, ಕಿವಿಯಿಂದ. ವ್ಯಾಕರಣದ ಹಂಗಿಲ್ಲದ ಆ ಮಾತನ್ನು ತಿದ್ದಿ ತೀಡಿ ಸಭ್ಯ ಗದ್ಯವನ್ನಾಗಿ ಮಾಡುವ ಆಸೆ ಯಾವ ಸಂಪಾದಕನಿಗೂ ಆದೀತು. ರ‍್ಯಾಂಡಲ್ ಹಾಗೆ ಮಾಡಲಿಲ್ಲ. ಆಡಿದ ಮಾತಿನ ಲಯವನ್ನೇ ಅಚ್ಚಿಗೆ ಇಳಿಸಿದರು. ಪುಟ ತಿರುವಿದರೆ ಕಲಿಸುವವನ ದನಿ ಕೇಳಿಸುತ್ತದೆ. ಆಡಿದ ಮಾತು ಅಚ್ಚಾಗುವಾಗ ಎಷ್ಟು ಕಳೆದುಹೋಗುತ್ತದೆಂದು ಬಾನುಲಿಯ ಶ್ರೋತೃಗಳಿಗೂ ಈ ಪುಟದ ಓದುಗರಿಗೂ ಬೇರೆ ಹೇಳಬೇಕಾಗಿಲ್ಲ. ಆಟದ ಕೈಪಿಡಿಯೊಂದು ಈ ಕಾರಣಕ್ಕೆ ಸಾಹಿತ್ಯಾಭ್ಯಾಸಿಗಳಿಗೂ ರುಚಿಸುವಂತಾಯಿತು.

ಸಂಗೀತದಲ್ಲಿ ಘರಾಣೆ ಎಂದು ಯಾವುದನ್ನು ಕರೆಯುತ್ತೇವೆಯೋ ಅದು ಸ್ಕ್ವಾಷಿನಲ್ಲಿ ನವಾಕಿಲ್ಲೆಯ ಖಾನರಿಂದ ಬೆಳೆಯಿತು. ಅಜ್ಜ ಚಹಾ ತಟ್ಟೆ ಹಿಡಿದು ನಿಂತ ಕ್ಲಬ್ಬಿನ ಆಟದಲ್ಲಿ ಮೊಮ್ಮಕ್ಕಳು ಅರಸರಾದರು. ಹಾಷಿಂ ಖಾನರ ಹಿರಿಯ ಮಗ ಷರೀಫ್ ಉತ್ತರ ಅಮೆರಿಕದ ಓಪನ್ ಪ್ರಶಸ್ತಿಯನ್ನು ಹನ್ನೆರಡು ಬಾರಿ ಗೆದ್ದ. ಸೋದರಳಿಯ ಮೊಹಿಬುಲ್ಲಾ 1963ರಲ್ಲಿ ಬ್ರಿಟಿಷ್ ಓಪನ್ ಗೆದ್ದ. ಹಾಷಿಂ ಎದುರು ಗೆದ್ದಿದ್ದ ರೋಷನ್‌ನ ಇಬ್ಬರು ಮಕ್ಕಳ ಕಥೆ ಪ್ರತ್ಯೇಕವಾಗಿಯೇ ಹೇಳತಕ್ಕದ್ದು: ಹಿರಿಯನಾದ ತೋರ್ಸಂ 1979ರಲ್ಲಿ ಆಸ್ಟ್ರೇಲಿಯದಲ್ಲಿ ಪಂದ್ಯವಾಡುತ್ತಿರುವಾಗಲೇ ಕುಸಿದು ತೀರಿಕೊಂಡ, ಕಿರಿಯನಾದ ಜಹಾಂಗೀರ್ ಎರಡು ವರ್ಷಗಳಲ್ಲಿ, ಹದಿನೇಳರ ಹರೆಯದಲ್ಲಿ, ಜಾಗತಿಕ ಪ್ರಶಸ್ತಿಯನ್ನು ಗೆದ್ದು, 1986ರವರೆಗೆ ಐದು ವರ್ಷಕ್ಕೂ ಮಿಕ್ಕಿ ಯಾರಿಗೂ ಸೋಲಲಿಲ್ಲ. ಬ್ರಿಟಿಷ್ ಓಪನ್ನನ್ನು 1982ರಿಂದ ಸತತ ಹತ್ತು ವರ್ಷ ಗೆದ್ದು ಹಾಷಿಂ ಖಾನರ ಏಳರ ದಾಖಲೆಯನ್ನು ಹಿಂದೆ ಹಾಕಿದ. ಅವನ ತರುವಾಯ ಜಾನ್‌ಶೇರ್ ಖಾನ್ ಆರು ವರ್ಷ. ಹಾಷಿಂ ಏಳು, ರೋಷನ್ ಒಂದು, ಆಜಂ ನಾಲ್ಕು, ಮೊಹಿಬುಲ್ಲಾ ಒಂದು, ಜಹಾಂಗೀರ್ ಹತ್ತು, ಜಾನ್‌ಶೇರ್ ಆರು: 1951ರಿಂದ 1997ರವರೆಗಿನ ನಲವತ್ತೇಳು ವರ್ಷಗಳಲ್ಲಿ ಒಂದು ಹಳ್ಳಿಯ ಬೇರಿನವರು ಇಪ್ಪತ್ತೊಂಬತ್ತು ಬಾರಿ ಆ ಪ್ರಶಸ್ತಿಯನ್ನು ಗೆದ್ದರು. ರಕ್ತಗುಣ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಹಳ್ಳಿಯ ಹುಡುಗರಿಗೆ ಕ್ಲಬ್ಬು ಹತ್ತಿರವಿತ್ತು, ಬೇರೆ ಉದ್ಯೋಗ ದೂರವಿತ್ತು, ಮನೆಯಲ್ಲೇ ಉಸ್ತಾದರಿದ್ದರು ಎಂಬುದನ್ನೂ ಮರೆಯಬಾರದು.

ಕಸುಬುದಾರ, ಹವ್ಯಾಸಿ ಎಂಬ ಭೇದವನ್ನು ಸ್ಕ್ವಾಷಿನ ಅಂತರರಾಷ್ಟ್ರೀಯ ಸಂಸ್ಥೆ 1980ರಲ್ಲಿ ಅಳಿಸಿಹಾಕಿತು. ಹಾಷಿಂ ಖಾನ್ ಆಗ ಡೆನ್ವರ್‌ನ ಕ್ಲಬ್ಬಿನಲ್ಲಿ ಹಿರಿಯ ಶಿಕ್ಷಕರು; ಎಂಬತ್ತು ದಾಟಿದ ಮೇಲೂ ಅಂಗಣಕ್ಕೆ ಇಳಿಯುವುದನ್ನು ಅವರು ಬಿಡಲಿಲ್ಲ. 2014ರ ಆಗಸ್ಟ್ 18ರಂದು ಕೊಲೊರಾಡೊದ ಅರೋರಾದಲ್ಲಿ ತೀರಿಕೊಂಡಾಗ ಮನೆಯವರ ಲೆಕ್ಕದಲ್ಲಿ ಅವರಿಗೆ ನೂರು ವರ್ಷ. ಪೆಷಾವರದ ದಂಡುಪ್ರದೇಶದಲ್ಲಿ ವಾಯುಪಡೆಯವರು ಕಟ್ಟಿಸಿದ ಸ್ಕ್ವಾಷ್ ಭವನಕ್ಕೆ ಅವರ ಹೆಸರನ್ನಿಟ್ಟಿದ್ದಾರೆ. ಅದರ ಅಂಗಣಗಳಿಗೆ ಛಾವಣಿಯಿದೆ.